ಅಪ್ಪನ ಕ್ಯಾಲ್ಕುಲೇಟರಿಗೆ ಎರಡು ಸೆಲ್ಲು

ಅಪ್ಪ ತೀರಿಕೊಂಡ ಮೇಲೆ ಸರಸ್ವತಿಪುರಂ ಮನೆಯ ಬೀರು ಖಾಲಿ ಮಾಡ್ತಿದ್ದಾಗ ಒಂದು ಎಚ್‌ಪಿ-25 ಕ್ಯಾಲ್ಕುಲೇಟರ್ ಸಿಕ್ಕಿತು. ಜೊತೆಗೆ ಅದರ ಚಾರ್ಜರ್, ಕ್ಲಾರ್ಕ್ಸ್ ಟೇಬಲ್ಸ್ ಪುಸ್ತಕ, ಮಡಿಸಿಟ್ಟ ಒಂದು ಹಾಳೆ. "ಅದು ಕೆಟ್ಟು ನಲವತ್ತು ವರ್ಷ ಆಯ್ತಲ್ಲೋ, ಇನ್ಯಾಕೆ?" ಅಂದರು ಅಮ್ಮ.

ಅಪ್ಪ ನೀರಾವರಿ ಇಲಾಖೆ ಎಂಜಿನಿಯರ್. ಅವರ ತಲೆಮಾರಿನವರು ಲೆಕ್ಕ ಕಲಿತದ್ದು ಲಾಗರಿದಮ್ ಕೋಷ್ಟಕ ಮತ್ತು ಸ್ಲೈಡ್ ರೂಲ್‌ನಲ್ಲಿ. 1972ರಲ್ಲಿ ಎಚ್‌ಪಿ-35 ಬಂದು ಆ ಇಡೀ ಕೆಲಸವನ್ನು ಜೇಬಿಗಿಳಿಸಿತು. ಬೆಲೆ 395 ಡಾಲರ್. ಮೂರು ವರ್ಷದ ನಂತರ ಬಂದ ಎಚ್‌ಪಿ-25ಕ್ಕೆ 195 ಡಾಲರ್, ಅಂದರೆ ಆಗಿನ ಸಾವಿರದೈನೂರು ರೂಪಾಯಿಗೂ ಮಿಕ್ಕಿ. ಇದರಲ್ಲಿ 49 ಹೆಜ್ಜೆಗಳ ಪ್ರೋಗ್ರಾಮ್ ಕೂಡ ಬರೆಯಬಹುದಿತ್ತು. ನಮ್ಮ ದೊಡ್ಡಪ್ಪ ಲಂಡನ್ನಿನಿಂದ ತಮ್ಮನಿಗಾಗಿ ತಂದಿದ್ದರು.

ಆಮದಿಗೆ ಕಡಿವಾಣ ಇದ್ದ ಕಾಲ ಅದು. ಎಂಬತ್ತರ ದಶಕದ ಶುರುವಿನಲ್ಲಿ ಬ್ಯಾಟರಿ ಪ್ಯಾಕ್ ಕೈಕೊಟ್ಟಾಗ ಅಪ್ಪನಿಗೆ ಬೇರೆ ಸಿಗಲಿಲ್ಲ. ಯಂತ್ರ ಬೀರು ಸೇರಿತು, ಅಪ್ಪ ಮತ್ತೆ ಕ್ಲಾರ್ಕ್ಸ್ ತೆಗೆದರು.

ನಾನು ಮನೇಲೇ ಚಾರ್ಜರ್ ಸಿಕ್ಕಿಸಿ ನೋಡೋಣ ಅಂತಿದ್ದೆ. ಏನೋ ಅನುಮಾನ ಬಂದು ಅರಸು ರಸ್ತೆ ಪಕ್ಕದ ಗಲ್ಲಿಯ ಹಳೇ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ. ಅವರು ಚಾರ್ಜರಿಗೆ ಮೀಟರ್ ಹಿಡಿದು ನೋಡಿ, "ಸಾರ್, ಒಳ್ಳೇ ಬ್ಯಾಟ್ರಿ ಇಲ್ದೆ ಇದನ್ನ ಚುಚ್ಚಿದ್ರೆ ಚಿಪ್ಪು ಸುಟ್ಟೋಗುತ್ತೆ" ಅಂದರು. ಈ ಮಾದರಿಯಲ್ಲಿ ಚಾರ್ಜರಿನ ವೋಲ್ಟೇಜನ್ನು ಅಂಕೆಯಲ್ಲಿಡೋದು ಬ್ಯಾಟರಿಯೇ. ಎರಡೂವರೆ ವೋಲ್ಟಿನ ಯಂತ್ರಕ್ಕೆ ಅದರ ಹಲವು ಪಟ್ಟು ನುಗ್ಗಿಬಿಡುತ್ತಿತ್ತು. ಅಪ್ಪ ನಲವತ್ತು ವರ್ಷ ಜೋಪಾನ ಮಾಡಿದ್ದನ್ನು ಒಂದು ಕ್ಷಣದಲ್ಲಿ ನಾನೇ ಮುಗಿಸುತ್ತಿದ್ದೆ.

ಪ್ಯಾಕ್ ಬಿಚ್ಚಿದರೆ ಒಳಗಿದ್ದದ್ದು ಎರಡೇ ಎರಡು ಸೆಲ್ಲು ಕಣ್ರೀ, ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ, ಅದೇ ಅಳತೆಯವು. ಸ್ವೀಡನ್ನಿನ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕ್ಕೆಲ್-ಕ್ಯಾಡ್ಮಿಯಂ ಜಾತಿಯವು. ಒಳಗಿನ ಕ್ಷಾರ ಸೋರಿ ಬೆಳ್ಳಗೆ ಹುಡಿಗಟ್ಟಿತ್ತು. ಕೈಗವಸು ಹಾಕಿ ಸೆಲ್ಲು ತೆಗೆದರು. ಕ್ಷಾರಕ್ಕೆ ಹುಳಿಯೇ ಮದ್ದು: ಹತ್ತಿಗೆ ನಿಂಬೆರಸ ಅದ್ದಿ ಲೋಹದ ಪಟ್ಟಿ ಒರೆಸಿ, ಚೆನ್ನಾಗಿ ಒಣಗಿಸಿ, ಬೇರೆ ಚಾರ್ಜರಿನಲ್ಲಿ ತುಂಬಿಸಿದ ಎರಡು ಹೊಸ ನಿಕ್ಕೆಲ್-ಮೆಟಲ್ ಹೈಡ್ರೈಡ್ ಸೆಲ್ಲು ಕೂರಿಸಿದರು. ಕ್ಯಾಡ್ಮಿಯಂ ವಿಷ, ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಹಳೆಯವು ಇ-ತ್ಯಾಜ್ಯಕ್ಕೆ ಹೋದವು.

ಗುಂಡಿ ಸರಿಸಿದೆ. ಕೆಂಪಗೆ 0.00 ಮೂಡಿತು.

ಎಚ್‌ಪಿ-25ರಲ್ಲಿ ಆಫ್ ಮಾಡಿದರೆ ಪ್ರೋಗ್ರಾಮ್ ಅಳಿಸಿಹೋಗುತ್ತದೆ. ಹಾಗಾಗಿ ಅಪ್ಪ ಬರೆದಿಟ್ಟುಕೊಂಡಿದ್ದ ಹಾಳೆ ಅದು: ಮ್ಯಾನಿಂಗ್ ಸೂತ್ರದಿಂದ ನಾಲೆಯ ನೀರಿನ ವೇಗ ಕಂಡುಹಿಡಿಯುವ ಕೀಲಿಗಳ ಪಟ್ಟಿ. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಉದಾಹರಣೆ. ಒರಟುತನ 0.018, ಜಲೀಯ ತ್ರಿಜ್ಯ 1.5 ಮೀಟರ್, ಇಳಿಜಾರು 5000ಕ್ಕೆ 1.

ಮನೆಗೆ ಬಂದು ಒಂದೊಂದೇ ಕೀಲಿ ಒತ್ತಿದೆ. ಇದರಲ್ಲಿ 'ಈಸ್ ಈಕ್ವಲ್ ಟು' ಗುಂಡಿಯೇ ಇಲ್ಲ, ಮೊದಲು ಸಂಖ್ಯೆ, ಆಮೇಲೆ ಕ್ರಿಯೆ. ಎರಡು ಸಲ ತಪ್ಪಿದೆ. ಮೂರನೇ ಸಲ ಅಂಕಿ ಮಿನುಗಿ ನಿಂತಿತು: 1.03.

ಹಾಳೆಯಲ್ಲೂ 1.03. ಅಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಅವರು ಯಂತ್ರ ನೋಡಲಿಲ್ಲ, ಹಾಳೆಯ ಅಕ್ಷರವನ್ನೇ ನೋಡುತ್ತಾ ಕೂತರು.