ಜಾನ್ ಅಬ್ರಹಾಂ: ಊರೂರು ತಿರುಗಿ ಜನರ ದುಡ್ಡಲ್ಲಿ ಸಿನಿಮಾ ಮಾಡಿದ ನಿರ್ದೇಶಕ

ಹೆಸರು ಕೇಳಿದ ಕೂಡಲೇ ಬಾಲಿವುಡ್‌ನ ಬೈಕ್ ಹೀರೋ ನೆನಪಾದರೆ, ಆತ ಬೇರೆ. ಈ ಜಾನ್ ಅಬ್ರಹಾಂ (1937–1987) ಕೇರಳದ ಕುಟ್ಟನಾಡಿನವರು. ಮಾಡಿದ್ದು ನಾಲ್ಕೇ ಫೀಚರ್ ಸಿನಿಮಾ. ಆದರೂ ಮಲಯಾಳದಲ್ಲಿ ಇವರ ಬಗ್ಗೆ ಕತೆಗಳಿಗೆ ಲೆಕ್ಕವಿಲ್ಲ. ಸಮಸ್ಯೆ ಏನಂದ್ರೆ, ಅದರಲ್ಲಿ ಮುಕ್ಕಾಲು ಪಾಲು ಕುಡಿತ, ಅಲೆದಾಟ, ಹುಚ್ಚಾಟದ ಕತೆಗಳೇ. ಹಾಗಾಗಿ ಅವರು ಕಟ್ಟಿದ್ದೇನು ಅನ್ನೋದು ಹಿಂದಕ್ಕೆ ಸರಿದಿದೆ.

ಬಳ್ಳಾರಿಯ ಎಲ್‌ಐಸಿ ಕಚೇರಿಯಲ್ಲಿ ಕೆಲಕಾಲ ದುಡಿದ ಜಾನ್, ನೌಕರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಋತ್ವಿಕ್ ಘಟಕ್ ಮೇಷ್ಟ್ರು. ಮಣಿ ಕೌಲ್ ಅವರ ‘ಉಸ್ಕಿ ರೋಟಿ’ಗೆ ಸಹಾಯಕರಾಗಿ ದುಡಿದು, 1972ರಲ್ಲಿ ಮೊದಲ ಚಿತ್ರ ‘ವಿದ್ಯಾರ್ಥಿಕಳೇ ಇತಿಲೇ ಇತಿಲೇ’ ಮಾಡಿದರು.

ಹೆಸರು ತಂದದ್ದು 1977ರ ತಮಿಳು ಚಿತ್ರ ‘ಅಗ್ರಹಾರತ್ತಿಲ್ ಕಳುದೈ’. ಚಿತ್ರಕಥೆ ವಿಮರ್ಶಕ ವೆಂಕಟ್ ಸ್ವಾಮಿನಾಥನ್ ಅವರದು. ಬ್ರಾಹ್ಮಣ ಪ್ರೊಫೆಸರ್ ಒಬ್ಬರು ತಬ್ಬಲಿ ಕತ್ತೆಮರಿಯನ್ನು ಅಗ್ರಹಾರಕ್ಕೆ ತರ್ತಾರೆ. ಊರವರು ಅದನ್ನು ಕೊಂದು ಹಾಕಿ, ಆಮೇಲೆ ‘ಪವಾಡ’ ಕಂಡು ಅದೇ ಕತ್ತೆಯನ್ನು ಪೂಜಿಸೋಕೆ ಶುರು ಮಾಡ್ತಾರೆ. ‘ಸಂಸ್ಕಾರ’ ನೋಡಿದವರಿಗೆ ಅಗ್ರಹಾರ ಹೊಸದಲ್ಲ. ಆದರೆ ಅಲ್ಲಿ ಇಲ್ಲದ ಒಂದು ಕೆಟ್ಟ ನಗು ಇಲ್ಲಿದೆ. ಸಂಪ್ರದಾಯಸ್ಥರು ಸಿಟ್ಟಾದರು. ಚಿತ್ರಕ್ಕೆ ಮಾತ್ರ ರಾಷ್ಟ್ರಪ್ರಶಸ್ತಿ ಬಂತು. 1979ರಲ್ಲಿ ‘ಚೆರಿಯಾಚ್ಚಂಡೆ ಕ್ರೂರಕೃತ್ಯಂಗಳ್’ ಬಂತು.

ಪ್ರಶಸ್ತಿ ಬಂದರೂ ದುಡ್ಡು ಹಾಕುವವರು ಬೇಕಲ್ಲ? 1984ರಲ್ಲಿ ಜಾನ್ ಮತ್ತು ಗೆಳೆಯರು ‘ಒಡೆಸ್ಸಾ’ ಎಂಬ ತಂಡ ಕಟ್ಟಿದರು. ಐಸೆನ್‌ಸ್ಟೈನ್ ಚಿತ್ರದ ಆ ಮೆಟ್ಟಿಲುಗಳನ್ನು ನೋಡಿದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಊರಿಂದ ಊರಿಗೆ ಹೋಗೋದು, ಚಾಪ್ಲಿನ್‌ನ ‘ದಿ ಕಿಡ್’ನಂಥ ಸಿನಿಮಾ ತೋರಿಸೋದು, ನೋಡಿದವರಿಂದ ಕೈಲಾದಷ್ಟು ಚಂದಾ ಎತ್ತೋದು. ಹೀಗೆ ಕೂಡಿದ ದುಡ್ಡಲ್ಲಿ ತಯಾರಾಗಿದ್ದು 1986ರ ‘ಅಮ್ಮ ಅರಿಯಾನ್’.

ಇದನ್ನು ಇವತ್ತಿನ ಕ್ರೌಡ್‌ಫಂಡಿಂಗ್ ಅಂತ ಕರೆದುಬಿಡೋದು ಸುಲಭ, ಆದರೆ ಪೂರ್ತಿ ಸರಿಯಲ್ಲ. ನಮ್ಮಲ್ಲಿ ಪವನ್ ಕುಮಾರ್ ‘ಲೂಸಿಯಾ’ಕ್ಕೆ (2013) ಪ್ರೇಕ್ಷಕರಿಂದ ಹಣ ಎತ್ತಿದಾಗ, ಕೊಟ್ಟವರು ಒಂದು ರೀತಿಯ ಹೂಡಿಕೆದಾರರು, ಸಿನಿಮಾ ಥಿಯೇಟರ್ ಮಾರುಕಟ್ಟೆಯಲ್ಲೇ ಗೆಲ್ಲಬೇಕಿತ್ತು. ಒಡೆಸ್ಸಾಗೆ ಲಾಭದ ಲೆಕ್ಕವೇ ಇರಲಿಲ್ಲ. ಥಿಯೇಟರ್ ಬಿಟ್ಟು, ಚಂದಾ ಕೊಟ್ಟ ಜನರ ನಡುವೆಯೇ ಚಿತ್ರ ತೋರಿಸುವುದು ಯೋಜನೆ. ಅಂದ್ರೆ ನಿರ್ಮಾಪಕ, ವಿತರಕ ಇಬ್ಬರನ್ನೂ ಒಂದೇ ಏಟಿಗೆ ತೆಗೆದುಹಾಕಿದ್ದು. ನನ್ನ ಮಟ್ಟಿಗೆ ಜಾನ್ ಅವರ ದೊಡ್ಡ ಕೆಲಸ ಇದೇ.

ಚಿತ್ರದ ಕತೆಯೂ ಅದೇ ರೀತಿ ನಡೆಯುತ್ತೆ. ದೆಹಲಿಗೆ ಹೊರಟ ಪುರುಷನ್ ಎಂಬ ಯುವಕ ದಾರಿಯಲ್ಲಿ ಒಂದು ಹೆಣ ನೋಡ್ತಾನೆ. ಅದು ತಬಲಾ ವಾದಕ ಹರಿಯದು ಅಂತ ಗೊತ್ತಾಗುತ್ತೆ. ಸಾವಿನ ಸುದ್ದಿಯನ್ನು ಕೊಚ್ಚಿಯಲ್ಲಿರೋ ಅವನ ತಾಯಿಗೆ ಮುಟ್ಟಿಸಬೇಕು. ಊರೂರಲ್ಲಿ ಹರಿಯ ಗೆಳೆಯರು ಒಬ್ಬೊಬ್ಬರಾಗಿ ಜೊತೆಗೂಡ್ತಾರೆ. ನಡುನಡುವೆ ಕೇರಳದ ಹೋರಾಟಗಳ ದೃಶ್ಯಗಳು ಸಾಕ್ಷ್ಯಚಿತ್ರದಂತೆ ಬರುತ್ತವೆ. ಪುರುಷನ್ ಪಾತ್ರ ಮಾಡಿದ್ದು ಜಾಯ್ ಮ್ಯಾಥ್ಯೂ, ಕ್ಯಾಮೆರಾ ವೇಣು, ಸಂಕಲನ ಬೀನಾ ಪಾಲ್. ನಕ್ಸಲ್ ಚಳವಳಿ ಸೋತ ಮೇಲಿನ ಯುವಕರನ್ನು ಹೀರೋಗಳನ್ನಾಗಿಸದೆ, ಅವರ ತಾಯಂದಿರ ಬಾಗಿಲಲ್ಲಿ ತಂದು ನಿಲ್ಲಿಸಿದ ಸಿನಿಮಾ ಇದು. ನಿಧಾನಗತಿ ಅಲ್ಲಲ್ಲಿ ತಾಳ್ಮೆ ಪರೀಕ್ಷಿಸುತ್ತೆ, ನಿಜ.

ಮರುವರ್ಷ, 1987ರ ಮೇ ಕೊನೆಯಲ್ಲಿ, ಕೋಝಿಕ್ಕೋಡ್‌ನ ಕಟ್ಟಡವೊಂದರ ಮೇಲಿಂದ ಬಿದ್ದು ಜಾನ್ ತೀರಿಕೊಂಡರು. ವಯಸ್ಸು 49. ಅವರಿಲ್ಲದ ಮೇಲೂ ಒಡೆಸ್ಸಾ ಗೆಳೆಯರು ಸಾಕ್ಷ್ಯಚಿತ್ರ ಮಾಡುವುದನ್ನು ಬಿಡಲಿಲ್ಲ.