ಯುವ ವಿಜ್ಞಾನ ಬೋಧಕರಿಗೆ ಕೇಂದ್ರ ಸರ್ಕಾರದ ಅನುದಾನ, ಫೆಲೋಶಿಪ್ ಹಾಗೂ ಪುರಸ್ಕಾರ

ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳಲ್ಲಿ ವಿಜ್ಞಾನ ಬೋಧನಾ ವೃತ್ತಿಗೆ ಹೊಸದಾಗಿ ಸೇರಿದವರಿಗೆ ಮತ್ತು ಸೇರಬಯಸುವವರಿಗೆ ಕೇಂದ್ರ ಸರ್ಕಾರದಿಂದ ದೊರೆಯುವ ನೆರವು ಮುಖ್ಯವಾಗಿ ಮೂರು ಬಗೆಯದಾಗಿರುತ್ತದೆ. ಇವುಗಳ ಅರ್ಹತಾ ನಿಯಮಗಳು ಬೇರೆ ಬೇರೆಯಾಗಿದ್ದು, ಒಂದನ್ನು ಮತ್ತೊಂದೆಂದು ಭಾವಿಸಿ ಕಾಲಹರಣ ಮಾಡಿದಲ್ಲಿ ವಯೋಮಿತಿ ಮೀರುವ ಸಂಭವವಿರುತ್ತದೆ. ಆದುದರಿಂದ ಅರ್ಜಿದಾರರು ಮೊದಲಿಗೆ ತಮ್ಮ ನೇಮಕಾತಿಯ ಸ್ವರೂಪ ಹಾಗೂ ವಯಸ್ಸನ್ನು ಪರಿಶೀಲಿಸಿಕೊಳ್ಳತಕ್ಕದ್ದು.

ಸಂಶೋಧನಾ ಅನುದಾನ

ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯು ಈ ಹಿಂದೆ ಹೊಸ ಬೋಧಕರಿಗೆ ಎರಡು ವರ್ಷಗಳ ಅವಧಿಗೆ ರೂ. 30 ಲಕ್ಷದವರೆಗೆ ಆರಂಭಿಕ ಅನುದಾನ ನೀಡುತ್ತಿತ್ತು. 2023ರ ಅಧಿನಿಯಮದನ್ವಯ ಸದರಿ ಮಂಡಳಿಯು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನಗೊಂಡಿದೆ. 2024ರಲ್ಲಿ ಪ್ರತಿಷ್ಠಾನವು ಪ್ರಕಟಿಸಿದ ಪ್ರಧಾನಮಂತ್ರಿ ಆರಂಭಿಕ ವೃತ್ತಿ ಸಂಶೋಧನಾ ಅನುದಾನದಡಿ ಮೂರು ವರ್ಷಗಳಿಗೆ ರೂ. 60 ಲಕ್ಷದವರೆಗೆ ನೆರವು ಹಾಗೂ ಸಂಸ್ಥೆಗೆ ಪ್ರತ್ಯೇಕ ಮೇಲ್ವೆಚ್ಚ ನಿಗದಿಪಡಿಸಲಾಗಿತ್ತು. ಗರಿಷ್ಠ ವಯಸ್ಸು 42 ವರ್ಷ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮುಂತಾದ ವರ್ಗಗಳಿಗೆ ಸಡಿಲಿಕೆ ಇತ್ತು.

ಅರ್ಜಿದಾರರು ಸಹಾಯಕ ಪ್ರಾಧ್ಯಾಪಕ ಅಥವಾ ತತ್ಸಮಾನವಾದ ನಿಯಮಿತ ಹುದ್ದೆಯಲ್ಲಿರಬೇಕೆಂಬುದು ಇಲ್ಲಿನ ಮುಖ್ಯ ನಿಬಂಧನೆ. ಪಿಎಚ್.ಡಿ. ಪಡೆದು ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರಿಗೆ ಈ ನಿಬಂಧನೆ ಕಠಿಣವೆನಿಸುವುದು ಸಹಜ. ಅಂತಹವರು ಕೆಳಕಂಡ ಫೆಲೋಶಿಪ್ ಅನ್ನು ಪರಿಶೀಲಿಸುವುದು ಸೂಕ್ತ.

ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್

ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಈ ಯೋಜನೆಗೆ ಖಾಯಂ ಹುದ್ದೆಯ ಅವಶ್ಯಕತೆ ಇರುವುದಿಲ್ಲ. ಐದು ವರ್ಷ ಮಾಸಿಕ ರೂ. 1,25,000 ಹಾಗೂ ವಾರ್ಷಿಕ ರೂ. 7 ಲಕ್ಷ ಸಂಶೋಧನಾ ಅನುದಾನ ನೀಡಲಾಗುತ್ತದೆ. ಸಾಮಾನ್ಯ ವಯೋಮಿತಿ 27ರಿಂದ 32 ವರ್ಷ. ಅವಧಿ ಮುಗಿದ ನಂತರ ಆತಿಥೇಯ ಸಂಸ್ಥೆಯು ನೌಕರಿ ನೀಡಲೇಬೇಕೆಂಬ ಖಾತರಿ ಇರುವುದಿಲ್ಲ. ಇದನ್ನು ಅರಿತೇ ಅರ್ಜಿ ಸಲ್ಲಿಸತಕ್ಕದ್ದು.

ಲೆಕ್ಕಪತ್ರ

ಅನುದಾನವು ಬೋಧಕರ ವೈಯಕ್ತಿಕ ಹಣವಲ್ಲ. ಅದು ಸಂಸ್ಥೆಯ ಮೂಲಕ ವೆಚ್ಚವಾಗತಕ್ಕದ್ದು. ಸಾಮಾನ್ಯ ಹಣಕಾಸು ನಿಯಮಗಳು, 2017ರ ನಮೂನೆ 12-ಎ ರಲ್ಲಿ ಬಳಕೆ ಪ್ರಮಾಣಪತ್ರ ಸಲ್ಲಿಸದೆ ಮುಂದಿನ ಕಂತು ನಿರೀಕ್ಷಿಸುವಂತಿಲ್ಲ. ಅನುದಾನದ ಮೇಲೆ ಬಂದ ಬಡ್ಡಿಯನ್ನು ಭಾರತದ ಸಂಚಿತ ನಿಧಿಗೆ ಜಮಾ ಮಾಡಬೇಕಾಗುತ್ತದೆ. ಉತ್ತಮ ಸಂಶೋಧನೆಯೂ ಕಾಗದಪತ್ರದ ವಿಳಂಬದಿಂದ ನಿಂತುಹೋಗಬಹುದಾದ್ದರಿಂದ, ಮಂಜೂರಾತಿ ಆದೇಶ ಬಂದ ದಿನವೇ ಸಂಸ್ಥೆಯ ಲೆಕ್ಕಶಾಖೆಯೊಡನೆ ಸಮಾಲೋಚಿಸುವುದು ಒಳಿತು.

ಪುರಸ್ಕಾರ

1958ರಿಂದ ನೀಡಲಾಗುತ್ತಿದ್ದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯ ಸ್ಥಾನದಲ್ಲಿ, 2023ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಅಂಗವಾಗಿ ‘ವಿಜ್ಞಾನ ಯುವ–ಶಾಂತಿ ಸ್ವರೂಪ್ ಭಟ್ನಾಗರ್’ ಗೌರವವಿದೆ. 45 ವರ್ಷದವರೆಗಿನ ವಿಜ್ಞಾನಿಗಳಿಗೆ ವರ್ಷಕ್ಕೆ ಗರಿಷ್ಠ 25 ನೀಡಬಹುದಾಗಿದೆ. ಹಳೆಯ ಪ್ರಶಸ್ತಿಯೊಡನೆ ರೂ. 5 ಲಕ್ಷ ನಗದು ಇತ್ತು. ಈಗ ಪದಕ ಹಾಗೂ ಸನದು ಮಾತ್ರ. ಪ್ರಯೋಗಾಲಯ ಸ್ಥಾಪನೆಗೆ ಹಣ ಬೇಕಾದವರು ಪುರಸ್ಕಾರವನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರತಿ ಯೋಜನೆಗೂ ಅಧಿಸೂಚನೆ ಹೊರಡಿಸಿದ ಅವಧಿಯಲ್ಲಿ ಮಾತ್ರ ಆನ್‌ಲೈನ್ ಮೂಲಕ ಅರ್ಜಿ ಅಥವಾ ನಾಮನಿರ್ದೇಶನ ಸ್ವೀಕರಿಸಲಾಗುತ್ತದೆ. ಅನುದಾನ ಕೋರುವವರು ಸಂಸ್ಥೆಯ ಮುಖ್ಯಸ್ಥರ ಅನುಮೋದನಾ ಪತ್ರವನ್ನು ಮುಂಚಿತವಾಗಿ ಪಡೆದಿಟ್ಟುಕೊಳ್ಳತಕ್ಕದ್ದು.