ಇಸ್ತ್ರಿ: ದುಡಿಯುವವರು ಉಳಿಸಿದ ಮಾತು

ಬೆಂಗಳೂರಿನ ಕುರುಬರಹಳ್ಳಿಯ ಅಡ್ಡರಸ್ತೆಗಳಲ್ಲಿ, ರಾಜಾಜಿನಗರದ ಆಸುಪಾಸಿನ ಎಲ್ಲ ಬಡಾವಣೆಗಳಲ್ಲಿ ಇರುವಂತೆ, ಇಸ್ತ್ರಿ ಗಾಡಿಗಳಿವೆ. 'ಇಸ್ತ್ರಿ' ನಮಗೆ ಎಷ್ಟು ಮನೆಮಾತೆಂದರೆ, ಅದು ಬೇರೆಲ್ಲಿಂದಲೋ ಬಂದದ್ದೆಂದು ಯಾರಿಗೂ ತೋಚುವುದಿಲ್ಲ.

ನಿಘಂಟುಕಾರರು ಅದರ ಮೂಲವನ್ನು ಪೋರ್ಚುಗೀಸಿನ 'ಎಸ್ತಿರಾರ್' ಕ್ರಿಯಾಪದದಲ್ಲಿ ಗುರುತಿಸುತ್ತಾರೆ. ಎಳೆ, ಚಾಚು, ನೀಳವಾಗಿಸು ಎಂದು ಅರ್ಥ. ಸ್ಪ್ಯಾನಿಷಿನಲ್ಲೂ ಎಸ್ತಿರಾರ್, ಇಟಾಲಿಯನ್ನಿನಲ್ಲಿ 'ಸ್ತಿರಾರೆ', ಫ್ರೆಂಚಿನಲ್ಲಿ 'ಎತಿರೆ'. ಈ ಮಾತುಗಳ ಮೊದಲ ತುಣುಕು ಲ್ಯಾಟಿನ್ನಿನ 'ಎಕ್ಸ್', ಅಂದರೆ ಹೊರಕ್ಕೆ. ಇಟಾಲಿಯನ್ ಅದರ ಸ್ವರವನ್ನು ಬಿಟ್ಟಿತು, ಫ್ರೆಂಚ್ ಸಕಾರವನ್ನು ಬಿಟ್ಟಿತು. ಇಟಲಿಯಲ್ಲಿ ಸ್ತಿರಾರೆ ಎಂದರೆ ಇಂದಿಗೂ ಇಸ್ತ್ರಿ ಮಾಡು ಎಂದೇ. ಪೋರ್ಚುಗೀಸರು ಮಾತ್ರ ಈಗ ಬಟ್ಟೆಗೆ 'ಕಬ್ಬಿಣ ಹಾಯಿಸುತ್ತಾರೆ'.

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಂದ ಅಲಮಾರು, ಪಾದ್ರಿ ಮುಂತಾದ ಮಾತುಗಳು ನಮಗೆ ಬಂದವು. ಅವೆಲ್ಲ ಹುಟ್ಟಿನಿಂದಲೇ ನಾಮಪದಗಳು. ಇಸ್ತ್ರಿ ಹಾಗಲ್ಲ, ಕ್ರಿಯಾಪದವಾಗಿದ್ದದ್ದು ಇಲ್ಲಿ ನಾಮಪದವಾಯಿತು. ಕ್ರಿಯೆಯ ಕೆಲಸಕ್ಕೆ ಕನ್ನಡ ತನ್ನದೇ 'ಮಾಡು', 'ಹಾಕು' ಜೋಡಿಸಿತು. ಇಸ್ಕೂಲು, ಇಸ್ಟೇಷನ್ ಎನ್ನುವ ನಮ್ಮ ನಾಲಿಗೆಗೆ ಮೊದಲೇ ಸ್ವರವಿದ್ದ ಈ ಮಾತು ಸಲೀಸಾಗಿ ಹೊಂದಿತು. ತಮಿಳು, ತೆಲುಗು, ಮಲಯಾಳ, ಮರಾಠಿಗಳಲ್ಲೂ ಅದು ಹೀಗೇ ನೆಲೆಸಿದೆ.

ಮಾತು ಬಂದದ್ದು ಹಡಗಿನವರಿಂದ. ಅದನ್ನು ಬಾಳಿಸಿದವರು ನಮ್ಮ ಮಡಿವಾಳರು. ಬಟ್ಟೆ ಮಡಿ ಮಾಡುವ ಕಾಯಕಕ್ಕೆ ಇಲ್ಲಿ 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರಷ್ಟು ಹಿಂದಿನ ಗೌರವವಿದೆ. ಆದರೆ ಆ ಕಾಯಕದ ಬದುಕು ಇಂದಿಗೂ ಗಟ್ಟಿಯಾಗಿಲ್ಲ. ಭಾರವಾದ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲ ಕೆಂಡ ತುಂಬಿ, ದಿನವಿಡೀ ನಿಂತು ದುಡಿಯಬೇಕು. ಈಚೆಗೆ ಕೆಲವರು ಗ್ಯಾಸ್ ಪೆಟ್ಟಿಗೆಗೆ ಬದಲಾಗಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಜನ ಮನೆಯಿಂದ ಹೊರಡುವುದೇ ನಿಂತಾಗ ಇಸ್ತ್ರಿಯೂ ನಿಂತಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 60,000 ಅಗಸರಿಗೆ ತಲಾ 5,000 ರೂಪಾಯಿ ಘೋಷಿಸಬೇಕಾಯಿತು.

ಈಗ ಅಪಾರ್ಟ್‌ಮೆಂಟುಗಳಲ್ಲಿ 'ಐರನ್‌ಗೆ ಕೊಡಿ' ಎನ್ನುವುದು ಹೆಚ್ಚುತ್ತಿದೆ. ಐರನ್ನೂ ಪರಭಾಷೆಯದೇ, ಇಸ್ತ್ರಿಯೂ ಪರಭಾಷೆಯದೇ. ಆದರೆ ಇಸ್ತ್ರಿ ತಲೆಮಾರುಗಳ ಕೈಕೆಲಸದಿಂದ ನಮ್ಮದಾದ ಮಾತು. ಒಂದು ಮಾತು ಕನ್ನಡದ್ದೋ ಅಲ್ಲವೋ ಎಂಬುದನ್ನು ಅದರ ಹುಟ್ಟೂರು ತೀರ್ಮಾನಿಸುವುದಿಲ್ಲ, ಅದನ್ನು ಆಡುತ್ತ ದುಡಿದವರು ತೀರ್ಮಾನಿಸುತ್ತಾರೆ. ಬಟ್ಟೆಯನ್ನು ಇಸ್ತ್ರಿಗೇ ಕೊಡಿ, ಇಸ್ತ್ರಿ ಎಂದೇ ಕರೆಯಿರಿ, ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ.